ಏರ್‌ಪಾ

ಡ್ರೋನ್‌ಗಳನ್ನು ಬಳಸಿ ನಿಸ್ತಂತು ಜಾಲಗಳ ಸಂಶೋಧನೆ ನಡೆಸಲು ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ರಾಲಿ ನಗರದಲ್ಲಿ ರೂಪಿಸಿರುವ ಪ್ರಯೋಗ ವೇದಿಕೆ. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ನೆರವಿನಿಂದ 2019ರಲ್ಲಿ ಆರಂಭವಾಯಿತು; ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ ಇದರ ನೇತೃತ್ವ ವಹಿಸಿದೆ. ಹಾರಾಟಗಳು ಹೆಚ್ಚಾಗಿ ನಡೆಯುವುದು ಲೇಕ್ ವೀಲರ್ ರಸ್ತೆಯ ಕೃಷಿ ಸಂಶೋಧನಾ ಹೊಲಗಳ ಮೇಲೆ.

ಇಂಥ ವೇದಿಕೆ ಏಕೆ ಬೇಕೆಂದರೆ, ಮೊಬೈಲ್ ಟವರಿನ ಆ್ಯಂಟೆನಾಗಳು ನೆಲದ ಮೇಲಿನ ಬಳಕೆದಾರರಿಗಾಗಿ ತುಸು ಕೆಳಕ್ಕೆ ಬಾಗಿರುತ್ತವೆ. ಮೇಲೇರಿದ ಡ್ರೋನಿಗೆ ಅವುಗಳ ಮುಖ್ಯ ಕಿರಣ ಸಿಗದೆ, ಅಕ್ಕಪಕ್ಕ ಚೆಲ್ಲುವ ದುರ್ಬಲ ಕಿರಣಗಳಷ್ಟೇ ಸಿಗಬಹುದು. ಅಡ್ಡಿಯಿಲ್ಲದ ಆಕಾಶದಲ್ಲಿ ದೂರದ ಹಲವು ಟವರುಗಳೂ ಒಟ್ಟಿಗೆ ಕೇಳಿಸಿ ಸಂಕೇತಗಳು ಕಲಸಿಹೋಗುತ್ತವೆ. ನೆಲದ ಮೇಲೆ ಎಷ್ಟೇ ಅಳತೆ ಮಾಡಿದರೂ ಇದು ತಿಳಿಯುವಂಥದ್ದಲ್ಲ, ಹಾರಿಯೇ ನೋಡಬೇಕು.

ಡ್ರೋನ್ ಹೊರುವುದು ಒಂದು ಸಾಫ್ಟ್‌ವೇರ್ ರೇಡಿಯೊ (ಪ್ರೋಗ್ರಾಮ್ ಬದಲಿಸಿ ಕೆಲಸ ಬದಲಿಸಬಹುದಾದ ರೇಡಿಯೊ) ಮತ್ತು ಪುಟ್ಟ ಕಂಪ್ಯೂಟರ್. ತೂಕ ಹೆಚ್ಚಿದಷ್ಟೂ ಬ್ಯಾಟರಿ ಬೇಗ ಬರಿದಾಗುತ್ತದೆ. ಗಾಳಿಗೆ ಡ್ರೋನ್ ವಾಲಿದರೆ ಆ್ಯಂಟೆನಾವೂ ವಾಲಿ ಅಳತೆ ಬದಲಾಗುತ್ತದೆ.

ಸಂಶೋಧಕರು ರಾಲಿಗೆ ಬರಲೇಬೇಕೆಂದಿಲ್ಲ. ತಾವಿದ್ದಲ್ಲಿಂದಲೇ ಬರೆದ ಪ್ರೋಗ್ರಾಮನ್ನು ಮೊದಲು ಹೊಲ, ಟವರು, ಡ್ರೋನ್‌ಗಳ ಡಿಜಿಟಲ್ ಪ್ರತಿರೂಪದಲ್ಲಿ ಪರೀಕ್ಷಿಸುತ್ತಾರೆ. ಬಳಿಕ ಅದೇ ಪ್ರೋಗ್ರಾಮನ್ನು ಸಿಬ್ಬಂದಿ ನಿಜವಾದ ಡ್ರೋನಿಗೆ ಹಾಕಿ ಹಾರಿಸುತ್ತಾರೆ. ಕೈಯಲ್ಲಿ ರಿಮೋಟ್ ಹಿಡಿದ ಪೈಲಟ್ ಏನಾದರೂ ತಪ್ಪಿದೊಡನೆ ನಿಯಂತ್ರಣ ತೆಗೆದುಕೊಳ್ಳಲು ಸಿದ್ಧವಾಗಿ ನಿಂತಿರುತ್ತಾರೆ. ಸ್ವಂತ ಡ್ರೋನಾಗಲಿ ಹಾರಾಟದ ಪರವಾನಗಿಯಾಗಲಿ ಇಲ್ಲದ ವಿದ್ಯಾರ್ಥಿಗೂ ಆಕಾಶವನ್ನು ತೆರೆದಿಟ್ಟಿರುವುದೇ ಏರ್‌ಪಾದ ದೊಡ್ಡ ಕೊಡುಗೆ.