ಮಹಾರಾಣಿಯವರ ಗಾಡಿಯ ಮುಂದೆ

ರೈಲುಹಳಿಯೇ ಹಾಯದ ನಮ್ಮ ತಾಳವಾಡಿ ಸೀಮೆಯ ಮಕ್ಕಳಿಗೆ ರೈಲೆಂದರೆ ಬಸ್ಸೇರಿ ಚಾಮರಾಜನಗರಕ್ಕೆ ಹೋಗಿ ನೋಡಬೇಕಾದ ವಸ್ತು. ಆದುದರಿಂದಲೇ ಶಾಲಾ ಪ್ರವಾಸವು ಮೈಸೂರಿಗೆಂದು ನಿಶ್ಚಯವಾದಾಗ, ಅರಮನೆಗಿಂತ ಮೊದಲು ಅಲ್ಲಿಯ ರೈಲು ವಸ್ತುಸಂಗ್ರಹಾಲಯವನ್ನೇ ತೋರಿಸಬೇಕೆಂದು ನಾನು ಹಠ ಹಿಡಿದೆ.

1979ರಲ್ಲಿ ಸ್ಥಾಪಿತವಾದ ಈ ಸಂಗ್ರಹಾಲಯವು ದೆಹಲಿಯದರ ತರುವಾಯ ದೇಶದಲ್ಲಿ ಎರಡನೆಯದು. ಬಯಲಿನಲ್ಲಿ ಉಗಿಯಂತ್ರಗಳು ಸಾಲಾಗಿ ನಿಂತಿವೆ. ಹಳಿಯ ಮೇಲೂ ಓಡುವಂತೆ ಮಾರ್ಪಡಿಸಿದ ಆಸ್ಟಿನ್ ಕಾರಿನ ಬಳಿಯಿಂದ ಹುಡುಗರು ಕದಲಲೊಲ್ಲರು. ಶ್ರೀರಂಗಪಟ್ಟಣದ ಹಳೆಯ ನಿಲ್ದಾಣದ ಮರದ ಕಂಬಗಳನ್ನೂ ಬಾಗಿಲುಗಳನ್ನೂ ಇಲ್ಲಿ ಜೋಪಾನವಾಗಿ ಇರಿಸಿದ್ದಾರೆ. ಎಲ್ಲಕ್ಕಿಂತ ಕಣ್ಸೆಳೆಯುವುದು ಮೈಸೂರು ಮಹಾರಾಣಿಯವರ 1899ರ ಗಾಡಿ. ಅದರೊಳಗೆ ಅಡುಗೆಮನೆಯೂ ಉಂಟು, ಊಟದ ಕೋಣೆಯೂ ಉಂಟು.

"ರಾಣಿಯವರು ಕೂತು ಹೋದರು ಸರಿ ಟೀಚರ್, ಹಳಿ ಹಾಕಿದವರು ಯಾರು?" ಎಂದು ಏಳನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಪಾಠಪುಸ್ತಕದಲ್ಲಿಲ್ಲದ ಪ್ರಶ್ನೆ! ಮರದ ನೆರಳಿನಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಹೇಳಿದೆ: 1876–78ರ ಘೋರ ಕ್ಷಾಮದಲ್ಲಿ, ನಮ್ಮ ಹಿರಿಯರು ಧಾತು-ಈಶ್ವರ ಬರವೆಂದೂ ನೆರೆಯ ತಮಿಳರು ತಾದು ವರುಷ ಪಂಜವೆಂದೂ ಕರೆದ ಆ ಕಾಲದಲ್ಲಿ, ಬೆಂಗಳೂರು–ಮೈಸೂರು ಮೀಟರ್‌ಗೇಜ್ ಮಾರ್ಗದ ಮಣ್ಣಿನ ಕೆಲಸ ಬರಪರಿಹಾರದ ಕಾಮಗಾರಿಯಾಗಿ ನಡೆಯಿತು. ಹಸಿದವರು ಹೊತ್ತ ಬುಟ್ಟಿಬುಟ್ಟಿ ಮಣ್ಣಿನ ಮೇಲೆ 1882ರಲ್ಲಿ ಮೈಸೂರಿಗೆ ರೈಲು ಬಂದಿತು. ಮುಂದೆ ಹಳಿ ನಂಜನಗೂಡನ್ನು, ಆಮೇಲೆ ಚಾಮರಾಜನಗರವನ್ನು ಮುಟ್ಟಿತು. ಸತ್ಯಮಂಗಲದ ಕಾಡು ದಾಟುವ ಮಾತು ಮಾತ್ರ ಮಾತಾಗಿಯೇ ಉಳಿಯಿತು.

ಮರುದಿನ ಆ ಹುಡುಗಿ ಬರೆದುಕೊಟ್ಟ ಪ್ರವಾಸ ವರದಿಯಲ್ಲಿ ಮಹಾರಾಣಿಯವರ ಗಾಡಿಗೆ ಒಂದೇ ಸಾಲು. ಮಣ್ಣು ಹೊತ್ತವರಿಗೆ ಒಂದೂವರೆ ಪುಟ.