ಓದದೆ ಒತ್ತಿದ ಹೆಬ್ಬೆಟ್ಟು

ಹೊಗಳಿಕೆಗೂ ಒಂದು ಚರಿತ್ರೆ ಇದೆ. ಆಸ್ಥಾನಗಳ ಚರಿತ್ರೆ ಬರೆದವರು ಅದನ್ನು ಬರೆಯಲು ಹೋಗಲಿಲ್ಲ, ಯಾಕೆಂದರೆ ಅವರ ಅನ್ನವೇ ಹೊಗಳಿಕೆಯಿಂದ ಬರುತ್ತಿತ್ತು. ಈಗಷ್ಟೇ ಪದ್ಯ ಬರೆಯಲು ಕೂತಿರುವ ನಮ್ಮಂಥವರು ಅದನ್ನು ತಿಳಿಯದೆ ಹೋದರೆ ಕೆಡುವವರು ನಾವೇ.

ಮೊದಲು ನಮ್ಮ ಕತೆಯನ್ನೇ ಹೇಳಿಬಿಡುತ್ತೇವೆ. ಕಾಲೇಜಿನಲ್ಲಿದ್ದಾಗ ಅವ್ವನ ಮೇಲೆ ಒಂದು ಪದ್ಯ ಬರೆದೆವು. ನಮ್ಮ ಮನೆತನದಲ್ಲಿ ಡಿಗ್ರಿಯ ಮುಖ ಕಂಡವರು ನಾವೇ ಮೊದಲು. ಪದ್ಯ ತೋರಿಸಿ 'ಹೆಂಗದೆ' ಅಂತ ಕೇಳೋಕೆ ಮನೆಯಲ್ಲಿ ಯಾರಿದ್ದರು? ಮೊಬೈಲಿಗೆ ಹಾಕಿದೆವು. ಸಂಜೆಯೊಳಗೆ ಇನ್ನೂರು ಹೆಬ್ಬೆರಳು ಬಿದ್ದವು. 'ಸೂಪರ್', 'ಅದ್ಭುತ', ಬೆಂಕಿಯ ಚಿತ್ರ, ಕೈಮುಗಿದ ಚಿತ್ರ. ಖುಷಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ವಾರದ ಮೇಲೆ ಊರಿನ ವಯಸ್ಸಾದ ಮೇಷ್ಟ್ರೊಬ್ಬರು ಪದ್ಯವನ್ನು ಕಾಗದದ ಮೇಲೆ ಬರೆಸಿಕೊಂಡು ಎರಡು ಸಲ ಓದಿದರು. 'ಮಾತೆಯ ಕರಕಮಲ' ಅನ್ನುವ ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆದರು.

"ನಿಮ್ಮವ್ವನ ಕೈ ತಾವರೆ ಹಂಗಿತ್ತೇನೋ?"

"ಇಲ್ಲ ಸಾ. ಕಳೆ ಕಿತ್ತು ಕಿತ್ತು ಸೀಳು ಬಿಟ್ಟಿತ್ತು."

"ಮತ್ತೆ ಅದನ್ನ ಬರಿ. ಈ ಕಮಲ ಯಾರ ಮನೇದು?"

ಇನ್ನೂರು ಜನರಲ್ಲಿ ಒಬ್ಬರೂ ಕೇಳದ ಪ್ರಶ್ನೆ ಅದು.

ಮೆಚ್ಚುವುದು ಬೇರೆ, ತಿದ್ದುವುದು ಬೇರೆ. ಇದನ್ನು ಚೆನ್ನಾಗಿ ಅರಿತು ಎರಡಕ್ಕೂ ಬೇರೆ ಬೇರೆ ಹೆಸರಿಟ್ಟುಕೊಂಡ ಲೋಕವೊಂದಿತ್ತು. ಅದು ಹತ್ತೊಂಬತ್ತನೇ ಶತಮಾನದ ದಿಲ್ಲಿಯ ಉರ್ದು ಕವಿಗಳ ಲೋಕ. ಅಲ್ಲಿ ಮೆಚ್ಚುಗೆ 'ದಾದ್', ತಿದ್ದುವುದು 'ಇಸ್ಲಾಹ್'. ದಾದ್ ಸಿಗುತ್ತಿದ್ದುದು ಮುಷಾಯಿರಾದಲ್ಲಿ, ಅಂದರೆ ಕವಿಗೋಷ್ಠಿಯಲ್ಲಿ. ಓದುವ ಕವಿಯ ಮುಂದೆ ದೀಪ ತಂದಿಡುತ್ತಿದ್ದರು. ದ್ವಿಪದಿ ಮುಗಿಯುತ್ತಲೇ 'ವಾಹ್ ವಾಹ್', ಇನ್ನೊಮ್ಮೆ ಓದಿ ಎನ್ನಲು 'ಮುಕರ್ರರ್'. ಎಷ್ಟೋ ಸಲ ಗೋಷ್ಠಿಗೆ ಮೊದಲೇ ಒಂದು ಸಾಲು ಕೊಟ್ಟು, ಅದೇ ಛಂದಸ್ಸು, ಅದೇ ಪ್ರಾಸದಲ್ಲಿ ಎಲ್ಲರೂ ಬರೆದು ತರಬೇಕೆಂಬ ಕಟ್ಟಳೆ ಇರುತ್ತಿತ್ತು. ಹಾಗಾಗಿ 'ವಾಹ್' ಎಂದವನಲ್ಲಿ ಅದೇ ಸಾಲಿನ ಜೊತೆ ಗುದ್ದಾಡಿ ಬಂದವನೂ ಇರುತ್ತಿದ್ದ.

ಇಸ್ಲಾಹ್ ಗುಂಪಿನಲ್ಲಿ ಸಿಗುವಂಥದಲ್ಲ. ಅದಕ್ಕೆ ಉಸ್ತಾದನೊಬ್ಬ ಬೇಕು. ಕೊನೆಯ ಮೊಗಲ್ ದೊರೆ ಬಹಾದ್ದೂರ್ ಷಾ ಜಫರ್ ಸ್ವತಃ ಕವಿ. ಅವನ ಪದ್ಯಗಳನ್ನು ಜೌಕ್ ತಿದ್ದುತ್ತಿದ್ದ. 1854ರಲ್ಲಿ ಜೌಕ್ ತೀರಿಕೊಂಡ ಮೇಲೆ ಆ ಕೆಲಸ ಮಿರ್ಜಾ ಗಾಲಿಬನಿಗೆ ಬಂತು. ಇಡೀ ದರ್ಬಾರು 'ವಾಹ್' ಎನ್ನಲು ತುದಿಗಾಲಲ್ಲಿ ನಿಂತಿರುವಾಗಲೂ ದೊರೆಗೆ 'ಇದು ಸರಿಯಿಲ್ಲ' ಎನ್ನುವ ಒಬ್ಬ ಬೇಕಾಗಿದ್ದ!

ಅದೇ 1854ರಲ್ಲಿ ಬ್ರಿಟಿಷರು ಅಂಚೆಯ ದರವನ್ನು ಬದಲಿಸಿದರು. ಹಗುರವಾದ ಕಾಗದಕ್ಕೆ ದೂರ ಎಷ್ಟೇ ಇರಲಿ, ಅರ್ಧ ಆಣೆ. 1857ರ ದಂಗೆಯಲ್ಲಿ ದಿಲ್ಲಿ ಹಾಳಾಗಿ, ದೊರೆ ರಂಗೂನಿಗೆ ಗಡಿಪಾರಾಗಿ, ಕೋಟೆಯ ಮುಷಾಯಿರಾದ ದೀಪ ಆರಿದ ಮೇಲೆ ಗಾಲಿಬ್ ಬದುಕಿದ್ದು ಈ ಕಾಗದಗಳಲ್ಲಿ. ಶಿಷ್ಯರು ಪದ್ಯ ಕಳಿಸುತ್ತಿದ್ದರು, ಗಾಲಿಬ್ ತಿದ್ದಿ ವಾಪಸು ಕಳಿಸುತ್ತಿದ್ದ. ಹರಗೋಪಾಲ್ ತಫ್ತಾ ಎಂಬ ಹಿಂದೂ ಶಿಷ್ಯನನ್ನು ಅವನು 'ಮಿರ್ಜಾ ತಫ್ತಾ' ಎಂದೇ ಕರೆಯುತ್ತಿದ್ದ. ಈ ಶಬ್ದ ಇಲ್ಲಿ ಯಾಕೆ ಸಲ್ಲದು, ಹಿಂದಿನವರು ಇದನ್ನು ಹೇಗೆ ಬಳಸಿದರು ಎಂದು ಕಾರಣ ಕೊಟ್ಟು ಬರೆಯುತ್ತಿದ್ದ. ರಾಂಪುರದ ನವಾಬನೂ ಶಿಷ್ಯನೇ; 1859ರಿಂದ ತಿಂಗಳಿಗೆ 100 ರೂಪಾಯಿ ಕಳಿಸುತ್ತಿದ್ದ. ಗಾಲಿಬನ ಕಾಗದಗಳು 1868, 1869ರಲ್ಲಿ ಪುಸ್ತಕಗಳಾಗಿ ಬಂದು ಉರ್ದು ಗದ್ಯಕ್ಕೇ ಹೊಸ ದಾರಿ ಹಾಕಿದವು. ಎಷ್ಟು ಸಾವಿರ 'ವಾಹ್ ವಾಹ್'ಗಳನ್ನು ಸೇರಿಸಿದರೆ ಅಂಥ ಒಂದು ಪುಸ್ತಕವಾದೀತು?

ಹಾಗಂತ ಉಸ್ತಾದರ ಪಾದಕ್ಕೆ ಬೀಳಿ ಎಂದು ನಾವು ಹೇಳುತ್ತಿಲ್ಲ. ಕೋಟೆಯೊಳಗಿನ ಆ ದೀಪ ಎಲ್ಲರ ಮುಂದೂ ಬಂದು ಕೂರುವ ದೀಪವಾಗಿರಲಿಲ್ಲ. ತಿದ್ದುವ ಗುರು ಏಕಲವ್ಯನ ಹೆಬ್ಬೆರಳು ಕೇಳಿದ ಕತೆಯೂ ನಮಗೆ ಗೊತ್ತು. 'ಇದು ಅಶುದ್ಧ, ಇದು ಗ್ರಾಮ್ಯ' ಎಂದು ನಮ್ಮ ಕೇರಿಯ ಮಾತನ್ನು ಹೊಡೆದುಹಾಕಿದ ಕೆಂಪು ಶಾಯಿಯನ್ನು ನಾವು ಶಾಲೆಯ ಕಾಪಿಯಲ್ಲೇ ಕಂಡವರು. ಅದು ತಿದ್ದುವುದಲ್ಲ, ನಾಲಿಗೆ ಕೊಯ್ಯುವುದು. ನಮ್ಮ ಮೇಷ್ಟ್ರು ಮಾಡಿದ್ದು ಅದಕ್ಕೆ ತಿರುಗುಮುರುಗು: ಯಾರದೋ ಕಮಲವನ್ನು ಕಿತ್ತು ಅವ್ವನ ಕೈಯನ್ನು ನಮಗೆ ವಾಪಸು ಕೊಟ್ಟರು.

ಈ ಬಗೆಯ ಪ್ರಶ್ನೆಗೆ ಕನ್ನಡದಲ್ಲೇ ಬೇರಿದೆ. ಹೊಗಳಿ ಹೊಗಳಿ ತನ್ನನ್ನು ಶೂಲಕ್ಕೇರಿಸಬೇಡಿ ಎಂದು ತನ್ನವರನ್ನೇ ಬೇಡಿಕೊಂಡವನು ಬಸವಣ್ಣ. ಹದಿನೈದನೇ ಶತಮಾನದಲ್ಲಿ ವಚನಗಳನ್ನು ಪೋಣಿಸಿ ಕಟ್ಟಿದ ಶೂನ್ಯಸಂಪಾದನೆಯನ್ನು ತೆಗೆದು ನೋಡಿ. ಅಕ್ಕಮಹಾದೇವಿ ಬಂದಾಗ ಅಲ್ಲಮ 'ಶಭಾಷ್' ಎನ್ನಲಿಲ್ಲ. ಎಲ್ಲ ಬಿಟ್ಟವಳು ಕೂದಲಿಂದ ಮೈ ಮುಚ್ಚಿಕೊಂಡದ್ದೇಕೆ ಎಂದು ಕೇಳಿದ. ಅಕ್ಕ ಉತ್ತರಿಸಿದಳು, ಅವನು ಮತ್ತೆ ಕೇಳಿದ. ಕೊನೆಗೆ ತಲೆಬಾಗಿದವನು ಅವನು. ಕೇಳುವವನೂ ಬದಲಾಗಲು ಸಿದ್ಧನಿದ್ದರೆ ಮಾತ್ರ ಅದು ಸಂವಾದ.

ಇನ್ನು ಗುಂಡಿಯ ಚರಿತ್ರೆ ತೀರಾ ಚಿಕ್ಕದು. ಫೇಸ್‌ಬುಕ್ ಕಂಪನಿ 2009ರ ಫೆಬ್ರವರಿ 9ರಂದು 'ಲೈಕ್' ತಂದಿತು. ಅದಕ್ಕೆ ಮೊದಲು ಮೆಚ್ಚಿದವನು ಒಂದು ಮಾತನ್ನಾದರೂ ಬರೆಯಬೇಕಿತ್ತು. ಆಮೇಲೆ ಒತ್ತಿದರೆ ಸಾಕಾಯಿತು. 2016ರ ಫೆಬ್ರವರಿಯಲ್ಲಿ ಪ್ರೀತಿ, ನಗು, ಬೆರಗು, ದುಃಖ, ಕೋಪದ ಚಿತ್ರಗಳೂ ಬಂದವು. ಸಾವಿನ ಪದ್ಯದ ಕೆಳಗೆ ಹೆಬ್ಬೆರಳು ಎತ್ತುವ ಮುಜುಗರ ತಪ್ಪಿತು, ಅಷ್ಟೆ. ಕಣ್ಣೀರನ್ನೂ ಕಂಪನಿಯೇ ಬರೆದುಕೊಟ್ಟಿತು.

ಗೆಳೆಯರೇ, ನಾವು ಹೆಬ್ಬೆಟ್ಟು ಒತ್ತಿದವರ ಮೊಮ್ಮಕ್ಕಳು. ಸಾಲದ ಪತ್ರದಲ್ಲಿ ಏನಿದೆ ಅಂತ ಓದಲಾಗದೆ ನಮ್ಮ ತಾತಂದಿರು ಶಾಯಿ ಮೆತ್ತಿಕೊಂಡು ಒತ್ತಿದರು, ಹೊಲ ಹೋಯಿತು, ಜೀತ ಬಂತು. ಅವರಿಗೆ ಅಕ್ಷರ ಇರಲಿಲ್ಲ. ನಮಗಿದೆ. ಅಕ್ಷರ ಬಂದ ಮೇಲೂ ಗೆಳೆಯನ ಪದ್ಯವನ್ನು ಓದದೆ ಹೆಬ್ಬೆಟ್ಟು ಒತ್ತುವುದಾದರೆ ಆ ಅಕ್ಷರಕ್ಕೆ ತೆತ್ತ ಬೆಲೆ ಏನಾಯಿತು?

ಚಪ್ಪಾಳೆಯೇ ಬೇಡ ಎನ್ನುವಷ್ಟು ದೊಡ್ಡವರು ನಾವಲ್ಲ. ತಲೆತಲಾಂತರ ಯಾರೂ ಕಿವಿಗೊಡದವನಿಗೆ ಮೊದಲ ಚಪ್ಪಾಳೆ ಕೊಡುವ ಧೈರ್ಯ ದೊಡ್ಡದು. 1975ರಲ್ಲಿ ಬಂದ 'ಹೊಲೆಮಾದಿಗರ ಹಾಡು' ಬರೆದ ಸಿದ್ಧಲಿಂಗಯ್ಯನವರ ಹಾಡುಗಳನ್ನು ಮೆರವಣಿಗೆಯ ಜನ ಮೆಚ್ಚಿದ್ದು ಹಾಡಿ. ಹಾಡಬೇಕಾದರೆ ಬಾಯಿಪಾಠ ಮಾಡಬೇಕು, ಉಸಿರು ಖರ್ಚು ಮಾಡಬೇಕು. ಅದೂ ಓದೇ.

ಈಗ ನಾವು ಆರು ಜನ ತಿಂಗಳಿಗೊಮ್ಮೆ ಶಾಲೆಯ ಜಗಲಿಯ ಮೇಲೆ ಸೇರುತ್ತೇವೆ. ಒಬ್ಬರ ಪದ್ಯ, ಆರು ಪ್ರತಿ. ಪ್ರತಿಯೊಬ್ಬರೂ ಒಳ್ಳೆಯ ಒಂದು ಮಾತು ತೋರಿಸಬೇಕು, ಬದಲಿಸಬೇಕಾದ ಒಂದು ಮಾತು ತೋರಿಸಬೇಕು, ಎರಡಕ್ಕೂ ಕಾರಣ ಕೊಡಬೇಕು. ಜಗಳ ಆಗ್ತದೆ. ಹೋದ ತಿಂಗಳು ಒಬ್ಬ ಮುನಿಸಿಕೊಂಡು ಎದ್ದುಹೋದ. ಈ ತಿಂಗಳು ಅದೇ ಪದ್ಯವನ್ನು ಇನ್ನೊಂದು ಸಲ ಬರೆದುಕೊಂಡು ಬಂದ. ನಿಮ್ಮೂರಲ್ಲೂ ಒಂದು ಜಗಲಿ ಇರಬೇಕಲ್ಲ?