ಎಂಜಿನ್ ಸಿಗುತ್ತೆ, ಮುಖ ಸಿಗಲ್ಲ!

ಅದು 1983ರ ಡಿಸೆಂಬರ್ 14. ಪ್ರಧಾನಿ ಇಂದಿರಾ ಗಾಂಧಿ, ದೆಹಲಿಯ ಹರ್‌ಪಾಲ್ ಸಿಂಗ್ ಅನ್ನೋರ ಕೈಗೆ ಒಂದು ಬೀಗದ ಕೈ ಕೊಟ್ಟರು. ಲಕ್ಕಿ ಡ್ರಾನಲ್ಲಿ ಅವರ ಹೆಸರು ಬಂದಿತ್ತು. ಬಿಳಿ ಬಣ್ಣದ ಪುಟ್ಟ ಕಾರು, ನಂಬರ್ ಡಿಐಎ 6479. ದೇಶದ ಮೊದಲ ಮಾರುತಿ 800 ಅದು. ಆಗ ನಾನಿನ್ನೂ ಹುಟ್ಟೇ ಇರಲಿಲ್ಲ.

ಆ ಕಾರಿನ ಕಥೆ ನಮ್ಮನೆ ಜಗಳ ಆಗುತ್ತೆ ಅಂತ ಅಂದ್ಕೊಂಡಿರಲಿಲ್ಲ. ಹೋದ ದೀಪಾವಳಿಗೆ ಹುಬ್ಬಳ್ಳಿಗೆ ಹೋಗಿದ್ದೆ. ಕಾಕಾನ ಮನೆ ಹಿತ್ತಲಲ್ಲಿ ತಾಡಪತ್ರಿ ಹೊದ್ದು ನಿಂತಿರೋದು 1984ರ ಮಾರುತಿ. ಅದನ್ನ ಎಲೆಕ್ಟ್ರಿಕ್ ಮಾಡ್ಬೇಕು ಅಂತ ಕಾಕಾನ ಮಗನ ಆಸೆ. ಮೊದಲು ಹೆಂಗಿತ್ತೋ ಹಂಗೇ ಆಗಬೇಕು ಅಂತ ಕಾಕಾನ ಹಟ. ನಾನು ಚಾ ಕಪ್ ಕೆಳಗಿಡೋದ್ರೊಳಗೆ ಕಾಕಾ ಶುರು ಮಾಡಿದ್ರು: "ತಮ್ಮಾ, ನೀ ಎಂಜಿನಿಯರಿಂಗ್ ಕಲ್ತಾಂವ. ಟಿವ್ಯಾಗ ದಿನಾ ಮಂದೀಗೆ ತೀರ್ಪು ಕೊಡ್ತಿ. ಇವತ್ತ ನಮಗೂ ಒಂದು ಕೊಡು ನೋಡೂಣು."

ಸ್ನೇಹಿತರೇ, ತೀರ್ಪಿಗೆ ಮೊದಲು ಈ ಕಾರಿನ ಜಾತಕ ನೋಡಬೇಕು. ಹೆಸರು ಮಾರುತಿ, ಹುಟ್ಟು ಮಾತ್ರ ಜಪಾನ್. 1982ರ ಅಕ್ಟೋಬರ್ 2ರಂದು ಸರ್ಕಾರಿ ಕಂಪನಿ ಮಾರುತಿ ಉದ್ಯೋಗ್ ಜೊತೆ ಸುಜುಕಿ ಒಪ್ಪಂದ ಮಾಡ್ಕೊಂಡಿತು. ಸುಜುಕಿ ಪಾಲು 26 ಪರ್ಸೆಂಟ್. 1979ರಿಂದ ಜಪಾನಿನಲ್ಲಿ ಆಲ್ಟೊ ಅನ್ನೋ ಕಾರು ಸಣ್ಣ ಎಂಜಿನ್ ಇಟ್ಕೊಂಡು ಓಡ್ತಿತ್ತು. ಹೊರದೇಶಕ್ಕೆ ಅಂತ ಅದೇ ಕಾರಿಗೆ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಕೂರಿಸಿದ್ರು. ಅದೇ ಎಸ್‌ಎಸ್ 80, ನಮ್ಮ ಮೊದಲ ಮಾರುತಿ. ಶುರುವಿನ ಕಾರುಗಳು ಬಿಡಿಭಾಗಗಳಾಗಿ ಜಪಾನಿನಿಂದ ಬಂದು ಗುರಗಾಂವ್‌ನಲ್ಲಿ ಜೋಡಣೆ ಆದವು. ಕಾಕಾನ ಕಾರಿನ ಕೆಲವು ಭಾಗಗಳ ಮೇಲೆ ಜಪಾನ್ ಅನ್ನೋ ಅಚ್ಚು ಇವತ್ತಿಗೂ ಇದೆ. ಅಂಬಾಸಿಡರ್, ಪದ್ಮಿನಿ ಬಿಟ್ರೆ ಗತಿ ಇಲ್ಲದ ದೇಶಕ್ಕೆ ಹೊಸ ಕಾರು ಬಂದಿದ್ದು ಹೀಗೆ ಅನ್ನೋದಕ್ಕೆ ಆ ಅಚ್ಚೇ ದಾಖಲೆ. ಅದು ಪುಸ್ತಕದಲ್ಲಿಲ್ಲ, ತಗಡಿನ ಮೇಲಿದೆ.

ಈಗ ಅಸಲಿ ತೊಡಕಿಗೆ ಬರ್ತೀನಿ. 1986ರಲ್ಲಿ ಕಂಪನಿ ಬಾಡಿಯನ್ನೇ ಬದಲಾಯಿಸಿತು. ನಮ್ಮ ನಿಮ್ಮ ಓಣಿಯಲ್ಲಿ ಓಡಾಡಿದ, 2014ರ ಜನವರಿವರೆಗೂ ತಯಾರಾದ 800 ಇದೆಯಲ್ಲ, ಅದು ಆಮೇಲಿನ ಆಕಾರ. ಹಳೇ ಮುಖ ಬದುಕಿದ್ದು ಬರೀ ಮೂರು ವರ್ಷ. ಆದ್ರೆ 796 ಸಿಸಿ ಎಂಜಿನ್ ಹೊಸ 800ರಲ್ಲೂ ಮುಂದುವರಿಯಿತು, ಓಮ್ನಿಯಲ್ಲೂ ಇತ್ತು. ಹಾಗಾಗಿ ಪಿಸ್ಟನ್, ರಿಂಗು, ಗ್ಯಾಸ್ಕೆಟ್‌ಗೆ ಇವತ್ತಿಗೂ ಚಿಂತೆ ಇಲ್ಲ. ಹುಡುಕಬೇಕಾಗಿರೋದು ಮುಂದಿನ ಜಾಲರಿ, ಹಿಂದಿನ ಲೈಟು, ಡ್ಯಾಶ್‌ಬೋರ್ಡು. ಗೋಕುಲ ರೋಡಿನ ಮೇಸ್ತ್ರಿಯೊಬ್ಬರು ಬಾನೆಟ್ ತೆಗೆದು ನೋಡಿ ಅಂದ್ರು: "ಎಂಜಿನ್ನಂದು ನನಗ ಬಿಡ್ರಿ ಸರ್. ಮುಖದ ಸಾಮಾನು ಎಲ್ಲಿಂದ ತರೂದ್ರಿ?" ಹಿಂದೊಮ್ಮೆ ಯಾವುದೋ ಗ್ಯಾರೇಜಿನವರು ರಿಪೇರಿ ಹೆಸರಲ್ಲಿ ಜಾಲರಿ ಮತ್ತು ಹಿಂದಿನ ಎರಡೂ ಲೈಟು ಕಿತ್ತು ಗುಜರಿಗೆ ಹಾಕಿದ್ದಾರೆ. ಹಳೇದು ಯಾಕೆ ಅಂತ ಕಾಕಾ ಕೂಡ ಆಗ ಕೇಳಲಿಲ್ಲ.

ಹರ್‌ಪಾಲ್ ಸಿಂಗ್ 2010ರಲ್ಲಿ ತೀರಿಕೊಳ್ಳೋವರೆಗೂ ತಮ್ಮ ಕಾರು ಮಾರಲಿಲ್ಲ. ಆಮೇಲೆ ಅದು ಮನೆ ಮುಂದೆ ತುಕ್ಕು ಹಿಡಿದು ನಿಂತಿತ್ತು. ಕಡೆಗೆ ಕಂಪನಿಯೇ ಮೂಲ ಬಿಡಿಭಾಗ ಹಾಕಿ ರಿಪೇರಿ ಮಾಡಿಸಿ, ತನ್ನ ಮುಖ್ಯ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟಿತು. ಕಂಪನಿ ಮನಸ್ಸು ಮಾಡಿದ್ರೆ ಆಗುತ್ತೆ. ಹಿತ್ತಲಲ್ಲಿ ನಿಂತ ಕಾರಿಗೆ ಯಾರು ಮನಸ್ಸು ಮಾಡ್ತಾರೆ?

ತಮ್ಮನ ವಾದವೂ ಕಡೆಗಣಿಸೋ ಹಾಗಿಲ್ಲ. ಎಲೆಕ್ಟ್ರಿಕ್ ಕಾರು ನಮ್ಮ ರಾಜ್ಯಕ್ಕೆ ಹೊಸದಲ್ಲ. ಚೇತನ್ ಮೈನಿ ಅವರ ರೇವಾ 2001ರಲ್ಲೇ ಬೆಂಗಳೂರಿನಲ್ಲಿ ರಸ್ತೆಗಿಳಿದಿತ್ತು. ಆದ್ರೆ ರೇವಾ ಹುಟ್ಟುತ್ತಲೇ ಎಲೆಕ್ಟ್ರಿಕ್. ಎಸ್‌ಎಸ್ 80 ಹಾಗಲ್ಲ, ಅದರ ಸ್ಪ್ರಿಂಗು, ಬ್ರೇಕು ಎಲ್ಲ ಆ ಹಗುರ ಮೈಯ ಲೆಕ್ಕಕ್ಕೆ ಮಾಡಿದ್ದು. ಹಿಂದುಗಡೆ ಬ್ಯಾಟರಿ ಹೇರಿದ್ರೆ ಆ ಲೆಕ್ಕ ತಪ್ಪುತ್ತೆ, ಎಲ್ಲಾ ಬಿಚ್ಚಬೇಕು. ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಮನಸ್ಸಿಗೆ ಬಂದ ಹಾಗೆ ಬದಲಾಯಿಸೋ ಹಾಗಿಲ್ಲ. ಮಾನ್ಯತೆ ಪಡೆದ ಕಿಟ್ಟೇ ಹಾಕಬೇಕು, ಆರ್‌ಸಿಯಲ್ಲೂ ಬರೆಸಬೇಕು.

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ ಭಾರೀ ಬದಲಾವಣೆ ಇಲ್ಲದೆ ಮೂಲ ರೂಪದಲ್ಲೇ ಇರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರ್‌ನಲ್ಲಿ ವಿಎ ಅಕ್ಷರ. ದಿನಾ ಓಡಿಸೋ ಹಾಗಿಲ್ಲ, ಪ್ರದರ್ಶನ, ರ‍್ಯಾಲಿ ಅಂಥದ್ದಕ್ಕೆ ಮಾತ್ರ. ಕಾಕಾನ ಕಾರಿಗೆ 50 ತುಂಬೋದು 2034ಕ್ಕೆ. ಅಲ್ಲೀವರೆಗೆ ಅದು ಸರ್ಕಾರದ ಕಣ್ಣಲ್ಲಿ ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಲ್ಲಬೇಕಾದ ಮುದಿ ಕಾರು, ಅಷ್ಟೇ. ಇವತ್ತು ಎಂಜಿನ್ ಇಳಿಸಿದ್ರೆ 2034ರ ಬಾಗಿಲೂ ಮುಚ್ಚಿತು. ಐವತ್ತಕ್ಕೆ ಗೌರವ ಕೊಡೋ ಕಾನೂನು ನಲವತ್ತರ ಕಾರನ್ನ ಉಳಿಸೋಕೆ ಏನೂ ಮಾಡಿಲ್ಲ ಅನ್ನೋದು ನನ್ನ ತಕರಾರು.

ನಾನು ಕಾಕಾನ ಪರ ತೀರ್ಪು ಕೊಟ್ಟೆ. ಎಲೆಕ್ಟ್ರಿಕ್ ಮಾಡೋ ಆಸೆ ಇದ್ರೆ ಈಚಿನ ಕಾಲದ ಒಂದು 800 ತಗೋ, ಅದು ಬೇಕಾದಷ್ಟಿವೆ, ಇದನ್ನ ಮುಟ್ಟಬೇಡ ಅಂತ ತಮ್ಮನಿಗೆ ಹೇಳಿದೆ. "ಅಣ್ಣಾ, ನೀನೂ ಮುದುಕ ಆಗೀದಿ ಬಿಡು" ಅಂದು ಎದ್ದು ಹೋದ. ಮೂರು ದಿನ ಮಾತಿಲ್ಲ.

ಹೋದ ವಾರ ಅವನಿಂದಲೇ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಕೊಲ್ಹಾಪುರದ ಗುಜರಿಯಲ್ಲಿ ಸಿಕ್ಕ ಹಿಂದಿನ ಎಡಗಡೆ ಲೈಟು. ಗಾಜಿನ ಮೂಲೆ ಸ್ವಲ್ಪ ಒಡೆದಿದೆ. ಬಲಗಡೇದು ಇನ್ನೂ ಸಿಕ್ಕಿಲ್ಲ.